ಜಾಂಬಿಯಾದ ಸಿಸ್ಟರ್‌ಗಳು ಮತ್ತು ಗರ್ಭಕಂಠದ ಕ್ಯಾನ್ಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ನರ್ಸ್. ಹೆಂಗಸರ ಸಂಘಗಳಲ್ಲಿ ಕ್ಯಾನ್ಸರ್ ಬಗ್ಗೆ ಮಾತಾಡಲು ಕರೆದಾಗಲೆಲ್ಲ ಆಫ್ರಿಕಾದ ಜಾಂಬಿಯಾ ದೇಶದ ಸಿಸ್ಟರ್‌ಗಳ ಕೆಲಸದಿಂದಲೇ ಶುರು ಮಾಡುತ್ತೇನೆ. ಮಾತು ಮುಗಿದ ಮೇಲೆ ಕೆಲವರು ಎದ್ದು ನಿಂತು ಪ್ರಶ್ನೆ ಕೇಳುತ್ತಾರೆ. ಜಾಸ್ತಿ ಜನ ಮಾತ್ರ ಎಲ್ಲರೂ ಹೋಗಲಿ ಅಂತ ಕಾದು, ಬಾಗಿಲ ಹತ್ತಿರ ನಿಂತು ಮೆಲ್ಲಗೆ ಕೇಳುತ್ತಾರೆ. ಎರಡೂ ಬಗೆಯ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಅಷ್ಟು ದೂರದ ದೇಶದ ಕತೆ ನಮಗ್ಯಾಕೆ?

ಡಾಕ್ಟರ್ ಇಲ್ಲ, ಲ್ಯಾಬ್ ಇಲ್ಲ, ದುಡ್ಡಿಲ್ಲ. ಈ ಮೂರು ಮಾತು ಹೇಳಿ ಕೈಕಟ್ಟಿ ಕೂರುವುದು ಸುಲಭ. ಜಾಂಬಿಯಾದಲ್ಲಿ ಮೂರೂ ನಿಜವಾಗಿತ್ತು. ಆದರೂ ಅಲ್ಲಿನ ಸರ್ಕಾರಿ ಕ್ಲಿನಿಕ್‌ಗಳ ನರ್ಸ್‌ಗಳು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಪರೀಕ್ಷೆ ಮಾಡಿದರು. ಬರೀ ಪರೀಕ್ಷೆ ಅಲ್ಲ, ಕ್ಯಾನ್ಸರ್ ಆಗುವ ಮೊದಲೇ ಚಿಕಿತ್ಸೆಯನ್ನೂ ಕೊಟ್ಟರು. ಹೆಂಗಸರ ಕ್ಯಾನ್ಸರ್ ಬಗ್ಗೆ ಅರಿವು ಮೂಡಿಸುವುದು ಅಂದರೆ ಪೋಸ್ಟರ್ ಅಂಟಿಸುವುದು ಅಂತ ತಿಳಿದವರು ಈ ಕೆಲಸವನ್ನು ಒಮ್ಮೆ ನೋಡಬೇಕು ಅನ್ನುವುದು ನನ್ನ ಆಸೆ.

ಗರ್ಭಕಂಠ ಅಂದರೆ ಎಲ್ಲಿದೆ? ಅಲ್ಲಿ ಕ್ಯಾನ್ಸರ್ ಹೇಗೆ ಬರುತ್ತದೆ?

ಗರ್ಭಕೋಶದ ಬಾಯಿ ಅಂತೀವಲ್ಲ, ಅದೇ. ಹೆರಿಗೆಯಲ್ಲಿ ತೆರೆದುಕೊಳ್ಳುವುದು ಆ ಬಾಯಿ. ಈ ಕ್ಯಾನ್ಸರ್‌ಗೆ ಹೆಚ್ಚುಕಡಿಮೆ ಎಲ್ಲ ಸಲವೂ ಎಚ್‌ಪಿವಿ ಅನ್ನುವ ವೈರಸ್ ಕಾರಣ. ಇದನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಝುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಸಿಕ್ಕಿತು.

ವೈರಸ್ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಇಷ್ಟು ಹೇಳುತ್ತಿದ್ದ ಹಾಗೆ ಎದುರಿಗಿರುವವರ ಮುಖ ಬಾಡುತ್ತದೆ. ಅದಕ್ಕೇ ಮುಂದಿನ ಮಾತನ್ನು ತಕ್ಷಣ ಹೇಳಿಬಿಡುತ್ತೇನೆ. ಇದು ಬಹಳ ಸಾಮಾನ್ಯವಾದ ವೈರಸ್. ಮದುವೆಯಾಗಿ ಒಬ್ಬರ ಜೊತೆಗೇ ಬಾಳಿದವರಿಗೂ ಬರುತ್ತದೆ. ಯಾರ ನಡತೆಗೂ ಇದು ಸರ್ಟಿಫಿಕೇಟ್ ಅಲ್ಲ. ಬಹಳಷ್ಟು ಜನರಲ್ಲಿ ಎರಡು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದು, ಗರ್ಭಕಂಠದ ಮೇಲಿನ ಪದರವನ್ನು ನಿಧಾನವಾಗಿ ಕೆಡಿಸುತ್ತದೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಅಷ್ಟು ವರ್ಷ ನಮ್ಮ ಕೈಯಲ್ಲಿ ಸಮಯ ಇರುತ್ತದೆ. ಇಂಥ ಅವಕಾಶ ಕೊಡುವ ಕ್ಯಾನ್ಸರ್‌ಗಳು ತುಂಬಾ ಕಡಿಮೆ.

ಆಫ್ರಿಕಾದಲ್ಲೇ ಯಾಕೆ ಇಷ್ಟು ಜಾಸ್ತಿ?

2022ರಲ್ಲಿ ಇಡೀ ಜಗತ್ತಿನಲ್ಲಿ ಸುಮಾರು 6.6 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಬಂತು. ಸುಮಾರು 3.5 ಲಕ್ಷ ಜನ ತೀರಿಕೊಂಡರು. ಸತ್ತವರಲ್ಲಿ 100ಕ್ಕೆ 94 ಜನ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಇದರ ಹೊರೆ ಅತಿ ಹೆಚ್ಚಿರುವ ದೇಶಗಳ ಪಟ್ಟಿ ನೋಡಿದರೆ ಎಸ್ವಾಟಿನಿ, ಮಲಾವಿ, ಜಾಂಬಿಯಾ ಹೀಗೆ ಸಹಾರಾದ ಕೆಳಗಿನ ದೇಶಗಳೇ ಸಾಲಾಗಿ ಬರುತ್ತವೆ.

ಆಫ್ರಿಕಾದ ಹೆಂಗಸರ ಮೈಯಲ್ಲಿ ಏನೋ ದೋಷ ಇದೆ ಅಂತಲ್ಲ. ಶ್ರೀಮಂತ ದೇಶಗಳಲ್ಲಿ ದಶಕಗಳಿಂದ ಪ್ಯಾಪ್ ಸ್ಮಿಯರ್ ಪರೀಕ್ಷೆ, ಅಂದರೆ ಗರ್ಭಕಂಠದಿಂದ ಜೀವಕೋಶಗಳನ್ನು ಸವರಿ ತೆಗೆದು ನೋಡುವುದು, ನಡೆಯುತ್ತಿದೆ. ಹಾಗಾಗಿ ರೋಗ ಮೊಳಕೆಯಲ್ಲೇ ಸಿಗುತ್ತದೆ. ಪ್ಯಾಪ್ ಸ್ಮಿಯರ್‌ಗೆ ಲ್ಯಾಬ್ ಬೇಕು, ಗಾಜಿನ ಸ್ಲೈಡ್ ನೋಡಿ ಹೇಳಬಲ್ಲ ಪರಿಣತರು ಬೇಕು. ರಿಪೋರ್ಟ್‌ಗಾಗಿ ಹೆಂಗಸು ಇನ್ನೊಂದು ಸಲ ಬರಬೇಕು. ಬಸ್ಸಿನ ದುಡ್ಡಿಗೇ ಪರದಾಡುವವಳು ಮತ್ತೆ ಬರುತ್ತಾಳಾ?

ಇನ್ನೊಂದು ಕಾರಣ ಎಚ್‌ಐವಿ. ಎಚ್‌ಐವಿ ಇರುವ ಹೆಂಗಸಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಅಪಾಯ ಉಳಿದವರಿಗಿಂತ 6 ಪಟ್ಟು ಹೆಚ್ಚು. ಮೈಯ ಶಕ್ತಿ ಕುಂದಿದಾಗ ಎಚ್‌ಪಿವಿಯನ್ನು ಹೊರಗೆ ಹಾಕಲು ಆಗುವುದಿಲ್ಲ. ಎಚ್‌ಐವಿಗೆ ಚಿಕಿತ್ಸೆ ಸಿಗದಿದ್ದರೆ 15–20 ವರ್ಷದ ಜಾಗದಲ್ಲಿ 5–10 ವರ್ಷದಲ್ಲೇ ಕ್ಯಾನ್ಸರ್ ಆಗಿಬಿಡಬಹುದು.

ಜಾಂಬಿಯಾದಲ್ಲಿ ನಿಜಕ್ಕೂ ಏನು ಮಾಡಿದರು?

2006ರಲ್ಲಿ ರಾಜಧಾನಿ ಲುಸಾಕಾದ ಸರ್ಕಾರಿ ಕ್ಲಿನಿಕ್‌ಗಳಲ್ಲಿ ಇದು ಶುರುವಾಯಿತು. ಜಾಂಬಿಯಾದ ಸ್ತ್ರೀರೋಗ ತಜ್ಞ ಡಾ. ಮುಲಿಂಡಿ ಮ್ವಾನಹಮುಂಟು ಮತ್ತು ಅಮೆರಿಕದಿಂದ ಬಂದಿದ್ದ ಕ್ಯಾನ್ಸರ್ ತಜ್ಞ ಡಾ. ಗ್ರೋಸ್‌ಬೆಕ್ ಪಾರ್ಹಮ್ ಇದರ ಹಿಂದಿದ್ದರು. ಡಾಕ್ಟರ್‌ಗಳಿಗಾಗಿ ಕಾಯುತ್ತಾ ಕೂತರೆ ಕೆಲಸ ಆಗುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಅದಕ್ಕೆ ನರ್ಸ್‌ಗಳಿಗೆ ತರಬೇತಿ ಕೊಟ್ಟರು.

ಕೆಲಸ ಹೀಗೆ ನಡೆಯುತ್ತದೆ. ನರ್ಸ್ ಸ್ಪೆಕ್ಯುಲಂ ಅನ್ನುವ, ಯೋನಿಯನ್ನು ಅಗಲಿಸಿ ಹಿಡಿಯುವ ಉಪಕರಣ ಹಾಕಿ ಗರ್ಭಕಂಠ ಕಾಣುವ ಹಾಗೆ ಮಾಡುತ್ತಾಳೆ. ವಿನೆಗರ್‌ನಂಥ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಹಚ್ಚುತ್ತಾಳೆ. ಒಂದು ನಿಮಿಷ ಕಾಯುತ್ತಾಳೆ. ಕೆಟ್ಟಿರುವ ಜಾಗ ಇದ್ದರೆ ಅದು ಬೆಳ್ಳಗಾಗುತ್ತದೆ. ಈ ಪರೀಕ್ಷೆಗೆ ವಿಐಎ ಅಂತ ಹೆಸರು. ಲುಸಾಕಾದಲ್ಲಿ ಇದಕ್ಕೆ ಒಂದು ಡಿಜಿಟಲ್ ಕ್ಯಾಮೆರಾವನ್ನೂ ಸೇರಿಸಿದರು. ಗರ್ಭಕಂಠದ ಫೋಟೋ ತೆಗೆದು ಪರದೆಯ ಮೇಲೆ ದೊಡ್ಡದಾಗಿ ತೋರಿಸುತ್ತಿದ್ದರು. ನರ್ಸ್‌ಗೆ ಅನುಮಾನ ಬಂದರೆ ಅದೇ ಫೋಟೋ ದೊಡ್ಡ ಆಸ್ಪತ್ರೆಯ ಡಾಕ್ಟರ್‌ಗೆ ಹೋಗುತ್ತಿತ್ತು. ಆಮೇಲೆ ಎಲ್ಲರೂ ಕೂತು ಫೋಟೋಗಳನ್ನು ನೋಡಿ, ಎಲ್ಲಿ ಸರಿ ಎಲ್ಲಿ ತಪ್ಪು ಅಂತ ಕಲಿಯುತ್ತಿದ್ದರು.

ಈ ಫೋಟೋದ ಇನ್ನೊಂದು ಉಪಯೋಗ ನನಗೆ ತುಂಬಾ ಇಷ್ಟ. ಮಲಗಿರುವ ಹೆಂಗಸಿಗೇ ಅದನ್ನು ತೋರಿಸುತ್ತಿದ್ದರು. ನಾಲ್ಕೈದು ಮಕ್ಕಳನ್ನು ಹೆತ್ತವಳು ತನ್ನ ಗರ್ಭಕಂಠವನ್ನು ಮೊದಲ ಸಲ ನೋಡುತ್ತಾಳೆ. 'ನೋಡು, ಇಲ್ಲಿ ಬಿಳಿ ಇದೆ, ಇದನ್ನು ಈಗಲೇ ತೆಗೆಯಬಹುದು' ಅಂತ ಸಿಸ್ಟರ್ ಬೆರಳಿಟ್ಟು ತೋರಿಸಿದರೆ ಯಾವ ಭಾಷಣವೂ ಬೇಕಿಲ್ಲ. ತನ್ನ ಮೈ ಬಗ್ಗೆ ತಾನೇ ತೀರ್ಮಾನ ಮಾಡುವ ಧೈರ್ಯ ಅವಳಿಗೆ ಅಲ್ಲೇ ಬರುತ್ತದೆ.

2013ರ ಕೊನೆಯ ಹೊತ್ತಿಗೆ 1 ಲಕ್ಷಕ್ಕೂ ಹೆಚ್ಚು ಹೆಂಗಸರು ಈ ಪರೀಕ್ಷೆ ಮಾಡಿಸಿಕೊಂಡಿದ್ದರು.

ವಿನೆಗರ್ ಅಂದರೆ ಅಡುಗೆಮನೆಯದ್ದೇನಾ? ಉರಿಯಲ್ವಾ?

ಗೋಬಿ ಮಂಚೂರಿಗೆ ಹಾಕುವ ವಿನೆಗರ್‌ನಲ್ಲಿ ಇರುವುದೂ ಅಸಿಟಿಕ್ ಆಮ್ಲವೇ. ಪರೀಕ್ಷೆಗೆ 3ರಿಂದ 5 ಪರ್ಸೆಂಟ್ ಅಳತೆಯಲ್ಲಿ ಮಾಡಿಟ್ಟುಕೊಂಡ ದ್ರಾವಣ ಬಳಸುತ್ತಾರೆ. ಕೆಲವರಿಗೆ ಸ್ವಲ್ಪ ಚುರುಗುಟ್ಟುತ್ತದೆ, ಬೇಗ ಹೋಗುತ್ತದೆ. ದಯವಿಟ್ಟು ಮನೆಯಲ್ಲಿ ಯಾರೂ ಪ್ರಯತ್ನ ಮಾಡಬೇಡಿ. ಬಿಳಿ ಕಾಣುವುದು ಗರ್ಭಕಂಠದ ಮೇಲೆ. ಸ್ಪೆಕ್ಯುಲಂ, ಲೈಟು, ಕಲಿತ ಕಣ್ಣು ಮೂರೂ ಬೇಕು.

ಡಾಕ್ಟರ್ ಇಲ್ಲದೆ ನರ್ಸ್ ಚಿಕಿತ್ಸೆ ಕೊಡಬಹುದಾ? ಅಪಾಯ ಅಲ್ವಾ?

ಈ ಪ್ರಶ್ನೆಯನ್ನು ಅಲ್ಲೂ ಕೇಳಿದ್ದರು. ನರ್ಸ್ ಇಲ್ಲಿ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡುತ್ತಿಲ್ಲ. ಕ್ಯಾನ್ಸರ್ ಆಗುವ ಮೊದಲಿನ ಕೆಟ್ಟ ಪದರವನ್ನು ತೆಗೆಯುತ್ತಿದ್ದಾಳೆ. ಕ್ರಯೋಥೆರಪಿ ಅಂದರೆ ಗ್ಯಾಸ್ ಸಿಲಿಂಡರ್‌ನಿಂದ ತಂಪು ಮಾಡಿದ ಲೋಹದ ತುದಿಯನ್ನು ಗರ್ಭಕಂಠಕ್ಕೆ ಇಟ್ಟು, ಆ ಪದರ ಹೆಪ್ಪುಗಟ್ಟಿ ಉದುರುವ ಹಾಗೆ ಮಾಡುವುದು. 3 ನಿಮಿಷ ತಂಪು, 5 ನಿಮಿಷ ಬಿಡುವು, ಮತ್ತೆ 3 ನಿಮಿಷ ತಂಪು. ಅರಿವಳಿಕೆ ಬೇಡ, ಅಡ್ಮಿಟ್ ಆಗುವುದು ಬೇಡ. ಬಿಳಿ ಭಾಗ ತುಂಬಾ ದೊಡ್ಡದಿದ್ದರೆ, ಒಳಗೆ ಹೋಗಿದ್ದರೆ, ಅಥವಾ ಕ್ಯಾನ್ಸರ್ ಅಂತಲೇ ಅನುಮಾನ ಬಂದರೆ ನರ್ಸ್ ಮುಟ್ಟುವುದಿಲ್ಲ. ಲುಸಾಕಾದ ಯೂನಿವರ್ಸಿಟಿ ಟೀಚಿಂಗ್ ಹಾಸ್ಪಿಟಲ್‌ಗೆ ಕಳಿಸುತ್ತಿದ್ದರು.

ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರುವುದೂ ತರಬೇತಿಯ ಭಾಗವೇ. ಈಗ ಸಿಲಿಂಡರ್ ಬೇಡದ ಉಪಕರಣವೂ ಬಂದಿದೆ. ಬ್ಯಾಟರಿಯಲ್ಲಿ ನಡೆಯುತ್ತದೆ, ಸುಮಾರು 100 ಡಿಗ್ರಿ ಬಿಸಿಯಿಂದ ಅದೇ ಕೆಲಸ ಮಾಡುತ್ತದೆ. ಸಿಲಿಂಡರನ್ನು ಹಳ್ಳಿ ರಸ್ತೆಯಲ್ಲಿ ಹೊತ್ತು ತರುವ ಕಷ್ಟ ತಪ್ಪಿತು.

ಎಲ್ಲಕ್ಕಿಂತ ದೊಡ್ಡ ಲಾಭ ಅಂದರೆ ಒಂದೇ ಭೇಟಿಯಲ್ಲಿ ಕೆಲಸ ಮುಗಿಯುವುದು. ಪರೀಕ್ಷೆ ಒಂದು ಕಡೆ, ಚಿಕಿತ್ಸೆ ಇನ್ನೊಂದು ಊರಲ್ಲಿ ಅಂತಾದರೆ ನಡುವೆ ಎಷ್ಟೋ ಜನ ಕಳೆದುಹೋಗುತ್ತಾರೆ. ಚೀಟಿ ಹಿಡಿದು ಹೋದವರು ವಾಪಸ್ ಬರದೇ ಇರುವುದನ್ನು ನಾನೇ ನೋಡಿದ್ದೇನೆ. ಅವರ ಹೆಸರು ರಿಜಿಸ್ಟರ್‌ನಲ್ಲಿ ಹಾಗೇ ಉಳಿದುಬಿಡುತ್ತದೆ.

ಹೆಂಗಸರು ಸುಮ್ನೆ ಬಂದುಬಿಟ್ಟರಾ?

ಇಲ್ಲ. ಅಲ್ಲೂ ಹೆದರಿಕೆ ಇತ್ತು, ನಾಚಿಕೆ ಇತ್ತು. ಗರ್ಭಕೋಶವನ್ನೇ ಕಿತ್ತುಬಿಡುತ್ತಾರೆ, ಮಕ್ಕಳಾಗುವುದಿಲ್ಲ, ಅಲ್ಲಿಗೆ ಹೋದವರಿಗೆಲ್ಲ ಎಚ್‌ಐವಿ ಇದೆ ಅನ್ನುವಂಥ ಮಾತುಗಳು. ಇವನ್ನು ಮೂರ್ಖತನ ಅಂತ ತಳ್ಳಿಹಾಕಬಾರದು. ಯಾರೂ ಕೂರಿಸಿಕೊಂಡು ಬಿಡಿಸಿ ಹೇಳದಿದ್ದಾಗ ಜನ ತಮಗೆ ತೋಚಿದ್ದನ್ನು ನಂಬುತ್ತಾರೆ.

ಅದಕ್ಕೆ ಅವರು ಆ ಬಡಾವಣೆಗಳ ಹೆಂಗಸರಿಗೇ ತರಬೇತಿ ಕೊಟ್ಟರು. ಮಾರ್ಕೆಟ್, ಚರ್ಚು, ಮಗುವಿಗೆ ಲಸಿಕೆ ಹಾಕಿಸಲು ಕಾಯುವ ಸಾಲು, ಎಲ್ಲ ಕಡೆ ಅವರು ಮಾತಾಡಿದರು. ಊರವರ ಬಾಯಲ್ಲಿ ಯಾವ ಮಾತು ಓಡಾಡುತ್ತಿದೆ ಅಂತ ಕೇಳಿಕೊಂಡು ಬಂದು ಕ್ಲಿನಿಕ್‌ಗೆ ತಿಳಿಸಿದವರೂ ಅವರೇ.

ಜಾಂಬಿಯಾದಲ್ಲಿ ಇನ್ನೊಂದು ಅನುಕೂಲ ಇದೆ. ಹುಡುಗಿ ದೊಡ್ಡವಳಾದಾಗ, ಮದುವೆಗೆ ಮುಂಚೆ, ಸಂಸಾರದ ವಿಷಯ ಹೇಳಿಕೊಡುವ ಹಿರಿಯ ಹೆಂಗಸರು ಅಲ್ಲಿದ್ದಾರೆ. ನ್ಯಾಂಜಾ ಭಾಷೆಯಲ್ಲಿ ಅವರಿಗೆ ಅಲಂಗಿಜಿ ಅನ್ನುತ್ತಾರೆ. ಬೆಂಬಾ ಜನರಲ್ಲಿ ನಾಚಿಂಬುಸಾ. ಡಾಕ್ಟರ್ ಎದುರು ಬಾಯಿ ಬಿಡದ ಹುಡುಗಿ ಇವರ ಹತ್ತಿರ ಎಲ್ಲ ಹೇಳಿಕೊಳ್ಳುತ್ತಾಳೆ. ಕ್ಯಾನ್ಸರ್ ತಡೆಯ ಮಾತು ಇಂಥವರ ಬಾಯಿಂದ ಬಂದರೆ ಅದರ ತೂಕವೇ ಬೇರೆ. ನಮ್ಮ ಕಡೆ ಹಳೇ ಸೂಲಗಿತ್ತಿಯರ ಮಾತಿಗೆ ಇದ್ದ ಬೆಲೆಯನ್ನು ನೆನೆಸಿಕೊಂಡರೆ ಇದು ಅರ್ಥವಾಗುತ್ತದೆ.

ಗಂಡಸರಿಗೆ ಇದರಲ್ಲಿ ಏನು ಕೆಲಸ?

ಬೇಕಾದಷ್ಟಿದೆ. ಕ್ರಯೋಥೆರಪಿ ಆದ ಮೇಲೆ ಕೆಲವು ವಾರ ಯೋನಿಯಿಂದ ನೀರಿನ ಹಾಗೆ ಹೋಗುತ್ತದೆ. ಸುಮಾರು 4 ವಾರ ಗಂಡ ಹೆಂಡತಿ ಸೇರಬಾರದು. ಇದನ್ನು ಗಂಡನಿಗೆ ಹೇಗೆ ಹೇಳಲಿ ಅನ್ನುವ ಭಯಕ್ಕೇ ಚಿಕಿತ್ಸೆ ಬೇಡ ಅನ್ನುವವರಿದ್ದಾರೆ. ಗಂಡನನ್ನೂ ಕರೆದು ಎರಡು ಮಾತು ಹೇಳಿದರೆ ಆ ಭಯ ಅರ್ಧ ಇಳಿಯುತ್ತದೆ.

ಜಾಂಬಿಯಾದಲ್ಲಿ ಈ ಪರೀಕ್ಷೆಯನ್ನು ಎಚ್‌ಐವಿ ಕ್ಲಿನಿಕ್ ಜೊತೆ ಸೇರಿಸಿದ್ದು ಸರಿಯಾ?

ನನ್ನ ಪ್ರಕಾರ ಸರಿ. ಆ ಹೊತ್ತಿಗೆ ಜಾಂಬಿಯಾದ ದೊಡ್ಡವರಲ್ಲಿ ಸುಮಾರು 7 ಜನರಲ್ಲಿ ಒಬ್ಬರಿಗೆ ಎಚ್‌ಐವಿ ಇತ್ತು. ಎಚ್‌ಐವಿ ತಡೆ ಮತ್ತು ಚಿಕಿತ್ಸೆಗೆ ನೆರವು ಕೊಡುವ ಅಮೆರಿಕದ ಪೆಪ್‌ಫಾರ್ ಯೋಜನೆಯ ದುಡ್ಡಿನಿಂದ ಕ್ಲಿನಿಕ್, ಸಿಬ್ಬಂದಿ, ಔಷಧಿ ಎಲ್ಲ ಬರುತ್ತಿತ್ತು. ಅದೇ ಕಟ್ಟಡ, ಅದೇ ಸಿಸ್ಟರ್‌ಗಳು. ಒಂದು ಕೋಣೆ, ಒಂದು ಮಂಚ, ಒಂದು ಕ್ಯಾಮೆರಾ ಸೇರಿಸಿದರೆ ಆಯಿತು. ಎಚ್‌ಐವಿ ಮಾತ್ರೆಯಿಂದ ಬದುಕಿ ಉಳಿದ ಹೆಂಗಸು ಗರ್ಭಕಂಠದ ಕ್ಯಾನ್ಸರ್‌ನಿಂದ ಸಾಯುವುದು ಎಂಥ ಅನ್ಯಾಯ ಹೇಳಿ. ಆದರೆ ಕ್ಲಿನಿಕ್‌ನ ಬಾಗಿಲು ಎಲ್ಲ ಹೆಂಗಸರಿಗೂ ತೆರೆದಿತ್ತು. ಪರೀಕ್ಷೆ ಮಾಡಿಸಿಕೊಂಡವರಲ್ಲಿ ಹೆಚ್ಚಿನವರು ಎಚ್‌ಐವಿ ಇಲ್ಲದವರೇ.

ವಿಐಎ ಪರೀಕ್ಷೆಗೆ ಕೊರತೆಯೇ ಇಲ್ವಾ?

ಇದೆ. ನೋಡುವ ಕಣ್ಣಿನ ಮೇಲೆ ಎಲ್ಲ ನಿಂತಿದೆ. ಅನುಭವ ಕಡಿಮೆಯಾದರೆ ಸುಮ್ನೆ ಸೋಂಕಿಗೂ ಬಿಳಿ ಅಂದುಬಿಡಬಹುದು, ಅಥವಾ ನಿಜವಾದದ್ದು ಕಣ್ತಪ್ಪಬಹುದು. ಮುಟ್ಟು ನಿಂತವರಲ್ಲಿ ನೋಡಬೇಕಾದ ಭಾಗ ಒಳಗೆ ಸರಿದುಬಿಡುತ್ತದೆ, ಅವರಿಗೆ ಇದು ಅಷ್ಟು ಹೊಂದುವುದಿಲ್ಲ.

2021ರಿಂದ ವಿಶ್ವ ಆರೋಗ್ಯ ಸಂಸ್ಥೆ ಎಚ್‌ಪಿವಿ ಡಿಎನ್‌ಎ ಪರೀಕ್ಷೆ, ಅಂದರೆ ವೈರಸ್ ಇದೆಯಾ ಅಂತಲೇ ನೋಡುವ ಪರೀಕ್ಷೆ ಮೇಲು ಅನ್ನುತ್ತಿದೆ. 30 ವರ್ಷದಿಂದ ಶುರು ಮಾಡಿ 5ರಿಂದ 10 ವರ್ಷಕ್ಕೊಮ್ಮೆ. ಎಚ್‌ಐವಿ ಇದ್ದರೆ 25ರಿಂದಲೇ, 3ರಿಂದ 5 ವರ್ಷಕ್ಕೊಮ್ಮೆ. ಇದರಲ್ಲಿ ಹೆಂಗಸು ತಾನೇ ಮರೆಯಲ್ಲಿ ಹೋಗಿ ಸ್ಯಾಂಪಲ್ ತೆಗೆದುಕೊಡಬಹುದು. ನಾಚಿಕೆಯ ಪ್ರಶ್ನೆ ಬಹಳಷ್ಟು ಕಡಿಮೆಯಾಗುತ್ತದೆ. ಆದರೆ ಯಂತ್ರ ಬೇಕು, ಕಿಟ್ ಬೇಕು. ಅದು ಬರುವವರೆಗೆ ಕೈಯಲ್ಲಿ ಇರುವುದನ್ನು ಬಿಡಬಾರದು.

ಇದರಿಂದ ಜೀವ ಉಳಿಯುತ್ತದೆ ಅನ್ನುವುದಕ್ಕೆ ಸಾಕ್ಷಿ ನಮ್ಮ ದೇಶದಲ್ಲೇ ಸಿಕ್ಕಿದೆ. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಹಳ್ಳಿಗಳಲ್ಲಿ ನರ್ಸ್‌ಗಳು ವಿಐಎ ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಗರ್ಭಕಂಠದ ಕ್ಯಾನ್ಸರ್ ಸಾವು 35 ಪರ್ಸೆಂಟ್ ಇಳಿದಿತ್ತು. ಮುಂಬೈನ ಟಾಟಾ ಮೆಮೋರಿಯಲ್‌ನವರು ಕೊಳೆಗೇರಿಗಳಲ್ಲಿ ಮಾಡಿದ ಅಧ್ಯಯನದಲ್ಲಿ 31 ಪರ್ಸೆಂಟ್. ಅಲ್ಲಿ ಪರೀಕ್ಷೆ ಮಾಡಿದವರು ತರಬೇತಿ ಪಡೆದ ಸಾಮಾನ್ಯ ಹೆಂಗಸರು.

ಎಚ್‌ಪಿವಿಗೆ ಲಸಿಕೆ ಬಂದಿದೆಯಲ್ಲ, ಇನ್ನು ಪರೀಕ್ಷೆ ಯಾಕೆ?

ಲಸಿಕೆ ಮಗಳಿಗೆ, ಪರೀಕ್ಷೆ ಅಮ್ಮನಿಗೆ. ನಾನು ಹೀಗೇ ಹೇಳುವುದು. ವೈರಸ್ ತಗಲುವ ಮುಂಚೆ ಕೊಟ್ಟರೆ ಲಸಿಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಅದಕ್ಕೇ 9ರಿಂದ 14 ವರ್ಷದ ಹುಡುಗಿಯರಿಗೆ ಮೊದಲ ಆದ್ಯತೆ. ಈಗಾಗಲೇ 40 ದಾಟಿದ ತಾಯಂದಿರನ್ನು ಕಾಪಾಡುವುದು ಪರೀಕ್ಷೆಯೇ.

ಇಡೀ ದೇಶಕ್ಕೆ ಲಸಿಕೆ ಕಾರ್ಯಕ್ರಮ ತಂದ ಮೊದಲ ಆಫ್ರಿಕನ್ ದೇಶ ರುವಾಂಡಾ, 2011ರಲ್ಲಿ. ಶಾಲೆಗಳಿಗೇ ಹೋಗಿ ಕೊಟ್ಟರು. ಮೊದಲ ವರ್ಷವೇ 90 ಪರ್ಸೆಂಟ್‌ಗಿಂತ ಹೆಚ್ಚು ಹುಡುಗಿಯರಿಗೆ ತಲುಪಿತು. ದಕ್ಷಿಣ ಆಫ್ರಿಕಾ 2014ರಲ್ಲಿ, ಜಾಂಬಿಯಾ, ಮಲಾವಿ, ಕೀನ್ಯಾ 2019ರಲ್ಲಿ, ನೈಜೀರಿಯಾ 2023ರಲ್ಲಿ ಶುರು ಮಾಡಿದವು.

ಲಸಿಕೆ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲವಂತೆ?

ಇಲ್ಲ. ಈ ಮಾತಿಗೆ ಆಧಾರ ಇಲ್ಲ. ಲಸಿಕೆಯಿಂದ ಅಲ್ಲ, ಗರ್ಭಕಂಠದ ಕ್ಯಾನ್ಸರ್ ಬಂದರೆ ಗರ್ಭಕೋಶ ಕಳೆದುಕೊಳ್ಳಬೇಕಾಗಬಹುದು.

ಒಂದೇ ಡೋಸ್ ಸಾಕು ಅಂತಾರೆ, ನಿಜವಾ?

9ರಿಂದ 20 ವರ್ಷದವರಿಗೆ ಒಂದು ಡೋಸ್ ಕೊಟ್ಟರೂ ಆಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಎಚ್‌ಐವಿ ಇರುವವರಿಗೆ ಕಡಿಮೆ ಅಂದರೂ 2, ಸಾಧ್ಯವಾದರೆ 3 ಡೋಸ್ ಬೇಕು.

ಇದರ ಹಿಂದೆ ಭಾರತದ್ದೂ ಆಫ್ರಿಕಾದ್ದೂ ಪಾಲಿದೆ. ಭಾರತದಲ್ಲಿ 2009ರಲ್ಲಿ 2 ಡೋಸ್ ಸಾಕೋ 3 ಬೇಕೋ ಅಂತ ನೋಡುವ ಅಧ್ಯಯನ ಶುರುವಾಗಿತ್ತು. ಬೇರೊಂದು ಯೋಜನೆಯ ವಿವಾದದಿಂದ 2010ರಲ್ಲಿ ಲಸಿಕೆ ಹಾಕುವುದನ್ನೇ ನಿಲ್ಲಿಸಬೇಕಾಯಿತು. ಸುಮಾರು 5,000 ಹುಡುಗಿಯರಿಗೆ ಒಂದೇ ಡೋಸ್ ಆಗಿತ್ತು. ವರ್ಷಗಟ್ಟಲೆ ಅವರನ್ನು ಗಮನಿಸಿದಾಗ ಆ ಒಂದು ಡೋಸೂ ಚೆನ್ನಾಗಿ ಕಾಪಾಡುತ್ತಿರುವುದು ಕಂಡಿತು. ಆಮೇಲೆ ಕೀನ್ಯಾದಲ್ಲಿ 2,275 ಯುವತಿಯರ ಮೇಲೆ ಇದಕ್ಕೆಂದೇ ಅಧ್ಯಯನ ನಡೆಯಿತು. ಕ್ಯಾನ್ಸರ್‌ಗೆ ಮುಖ್ಯ ಕಾರಣವಾದ 16 ಮತ್ತು 18 ನಂಬರಿನ ವೈರಸ್‌ಗಳನ್ನು ಒಂದು ಡೋಸ್ 97 ಪರ್ಸೆಂಟ್‌ಗೂ ಹೆಚ್ಚು ತಡೆಯಿತು. ಡೋಸ್ ಕಡಿಮೆಯಾದಷ್ಟೂ ಅದೇ ದುಡ್ಡಿನಲ್ಲಿ ಹೆಚ್ಚು ಹುಡುಗಿಯರಿಗೆ ಲಸಿಕೆ ಸಿಗುತ್ತದೆ.

ಯಾವ ಲಕ್ಷಣ ಕಂಡರೆ ಹೋಗಬೇಕು?

ಲಕ್ಷಣ ಬರುವ ಮೊದಲೇ ಹೋಗಬೇಕು, ಪರೀಕ್ಷೆ ಇರುವುದೇ ಅದಕ್ಕೆ. ಆದರೆ ಇವು ಕಂಡರೆ ಒಂದು ದಿನವೂ ತಡ ಮಾಡಬೇಡಿ: ಗಂಡ ಹೆಂಡತಿ ಸೇರಿದ ಮೇಲೆ ರಕ್ತ, ಎರಡು ಮುಟ್ಟಿನ ನಡುವೆ ರಕ್ತ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ, ಕೆಟ್ಟ ವಾಸನೆಯ ಬಿಳಿಸೆರಗು, ಬಿಡದ ಸೊಂಟನೋವು. ಮುಟ್ಟು ನಿಂತು ನಾಲ್ಕು ವರ್ಷದ ಮೇಲೆ ರಕ್ತ ಕಂಡರೆ 'ಮತ್ತೆ ಮುಟ್ಟಾದೆ' ಅಂತ ನಕ್ಕು ಸುಮ್ಮನಾಗುವವರಿದ್ದಾರೆ. ಅದು ಮುಟ್ಟಲ್ಲ. ತೋರಿಸಲೇಬೇಕು.

ತಡವಾಗಿ ಗೊತ್ತಾದರೆ ಎಲ್ಲ ಮುಗಿಯಿತಾ?

ಇಲ್ಲ. ಬೇಗ ಸಿಕ್ಕರೆ ಆಪರೇಷನ್‌ನಿಂದ ವಾಸಿಯಾಗುತ್ತದೆ. ಸ್ವಲ್ಪ ಮುಂದುವರಿದಿದ್ದರೂ ರೇಡಿಯೇಷನ್ ಮತ್ತು ಕಿಮೋದಿಂದ ಎಷ್ಟೋ ಜನ ಗುಣವಾಗುತ್ತಾರೆ. ನಮ್ಮ ಜನ ಕರೆಂಟ್ ಕೊಡುವುದು ಅನ್ನುವುದು ರೇಡಿಯೇಷನ್‌ಗೇ. ಜಾಂಬಿಯಾದಲ್ಲಿ ಇದಕ್ಕೆಂದೇ ಲುಸಾಕಾದ ಕ್ಯಾನ್ಸರ್ ಡಿಸೀಸಸ್ ಹಾಸ್ಪಿಟಲ್ 2007ರಲ್ಲಿ ಉದ್ಘಾಟನೆಯಾಯಿತು.

ಗುಣವಾಗದ ಹಂತದಲ್ಲೂ ನೋವು ತಿನ್ನುತ್ತಾ ಬಿದ್ದಿರಬೇಕಿಲ್ಲ. ಈ ವಿಷಯದಲ್ಲಿ ಉಗಾಂಡಾ ದಾರಿ ತೋರಿಸಿದೆ. ಡಾ. ಆನ್ ಮೆರಿಮನ್ 1993ರಲ್ಲಿ ಅಲ್ಲಿ ಗುಣವಾಗದ ರೋಗಿಗಳ ಆರೈಕೆಗೆ ಹಾಸ್ಪಿಸ್ ಆಫ್ರಿಕಾ ಅನ್ನುವ ಸಂಸ್ಥೆ ಶುರು ಮಾಡಿದರು. ಜೋರು ನೋವು ತಗ್ಗಿಸುವ ಮಾರ್ಫಿನ್ ಔಷಧಿಯ ಪುಡಿಯನ್ನು ನೀರಿನಲ್ಲಿ ಬೆರೆಸಿ, ಆ ಅಗ್ಗದ ದ್ರವವನ್ನು ಮನೆಮನೆಗೆ ಮುಟ್ಟಿಸಿದರು. 2004ರಲ್ಲಿ ಉಗಾಂಡಾ ನಿಯಮ ಬದಲಿಸಿ, ವಿಶೇಷ ತರಬೇತಿ ಪಡೆದ ನರ್ಸ್‌ಗಳೇ ಮಾರ್ಫಿನ್ ಬರೆದುಕೊಡಬಹುದು ಅಂತ ಮಾಡಿತು. ರಾತ್ರಿಯೆಲ್ಲ ನರಳುವವರ ಪಕ್ಕ ನಿಂತು, ಡಾಕ್ಟರ್ ಸಹಿಗಾಗಿ ಕಾದ ಯಾವ ನರ್ಸ್‌ಗಾದರೂ ಈ ನಿಯಮದ ಬೆಲೆ ಗೊತ್ತಾಗುತ್ತದೆ.

ಇದು ಪೂರ್ತಿ ಹೋಗಿಬಿಡುವ ರೋಗವಾ?

ಹೋಗಿಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರ್ 17ರಂದು ಯೋಜನೆಯನ್ನೇ ಹೊರತಂದಿತು. 2030ರೊಳಗೆ 15 ವರ್ಷದ ಒಳಗಿನ 90 ಪರ್ಸೆಂಟ್ ಹುಡುಗಿಯರಿಗೆ ಲಸಿಕೆ, 70 ಪರ್ಸೆಂಟ್ ಹೆಂಗಸರಿಗೆ 35ರಲ್ಲಿ ಒಮ್ಮೆ 45ರಲ್ಲಿ ಒಮ್ಮೆ ಪರೀಕ್ಷೆ, ರೋಗ ಕಂಡವರಲ್ಲಿ 90 ಪರ್ಸೆಂಟ್ ಜನರಿಗೆ ಚಿಕಿತ್ಸೆ. ನಡುವಿನ 70 ಇದೆಯಲ್ಲ, ಅದೇ ಕಷ್ಟದ್ದು. ಲಸಿಕೆಗೆ ಶಾಲೆಯಲ್ಲಿ ಮಕ್ಕಳು ಒಟ್ಟಿಗೆ ಸಿಗುತ್ತಾರೆ. ಅಮ್ಮಂದಿರು ಹಾಗೆ ಒಟ್ಟಿಗೆ ಸಿಗುವುದಿಲ್ಲ, ಒಬ್ಬೊಬ್ಬರನ್ನೇ ಒಪ್ಪಿಸಿ ಕರೆತರಬೇಕು.

ನಮ್ಮಲ್ಲಿ ಎಲ್ಲಿ ಮಾಡಿಸಬೇಕು?

30 ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆ ಮಾಡಬೇಕು ಅನ್ನುವ ಸರ್ಕಾರಿ ಕಾರ್ಯಕ್ರಮ ಭಾರತದಲ್ಲೂ ಇದೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗರ್ಭಕಂಠದ ಪರೀಕ್ಷೆ ಒಮ್ಮೆಯಾದರೂ ಆಗಿದೆ ಅಂದವರು 100ಕ್ಕೆ 2 ಜನವೂ ಇರಲಿಲ್ಲ. ಈ ಲೆಕ್ಕ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ದಿನ ಮಾಡುತ್ತಾರೆ ಅಂತ ಅವರು ತಿಳಿದುಕೊಂಡು ಹೇಳುತ್ತಾರೆ. ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಇದೆ.

ಪರೀಕ್ಷೆಯ ದಿನ ಹೇಗೆ ಹೋಗಬೇಕು? ತುಂಬಾ ನಾಚಿಕೆಯಾಗುತ್ತದೆ.

ನಾಚಿಕೆ ಆಗಲಿ, ಪರವಾಗಿಲ್ಲ. ಮುಟ್ಟಿನ ದಿನ ಬೇಡ. ಎರಡು ದಿನ ಮುಂಚಿನಿಂದ ಗಂಡ ಹೆಂಡತಿ ಸೇರದಿದ್ದರೆ ಒಳ್ಳೆಯದು. ಸೀರೆ ಅಥವಾ ಸ್ಕರ್ಟ್ ಹಾಕಿಕೊಂಡು ಹೋದರೆ ಪೂರ್ತಿ ಬಟ್ಟೆ ತೆಗೆಯಬೇಕಾಗಿಲ್ಲ. ಮೂತ್ರ ಮಾಡಿ ಬನ್ನಿ. ಅಕ್ಕನನ್ನೋ ನಾದಿನಿಯನ್ನೋ ಜೊತೆಗೆ ಕರೆದುಕೊಂಡು ಬನ್ನಿ, ಅವರದ್ದೂ ಆಗಿಹೋಗಲಿ. ಮಂಚದ ಮೇಲೆ ಮಲಗಿದ ಮೇಲೆ 'ಸಿಸ್ಟರ್, ಏನು ಮಾಡ್ತೀರೋ ಅದನ್ನ ಮೊದಲೇ ಹೇಳಿ ಮಾಡಿ' ಅಂತ ಕೇಳಿ. ನೋವಾದರೆ ನಿಲ್ಲಿಸಿ ಅನ್ನಿ, ನಿಲ್ಲಿಸುತ್ತೇವೆ. ಉಸಿರು ನಿಧಾನವಾಗಿ ಬಿಡಿ, ಸೊಂಟ ಸಡಿಲ ಬಿಡಿ. ಐದು ಹತ್ತು ನಿಮಿಷದಲ್ಲಿ ಎದ್ದು ಸೀರೆ ಸರಿ ಮಾಡಿಕೊಳ್ಳುತ್ತೀರಿ.